‘ಗೋಡೆ ತಿನ್ನುವುದು ನಮ್ಮ ಚಟವಲ್ಲ, ಸ್ವಾಮಿ!’

ಸಂದರ್ಶನಕ್ಕೆ ಎರಡೇ ಷರತ್ತು ಇದ್ದವು: ಟಾರ್ಚು ತರಬಾರದು, ಗಾಳಿಯನ್ನಂತೂ ತರಲೇಬಾರದು. ಮಾತಿಗೆ ಒಪ್ಪಿದ್ದವರು ಬ್ಯಾಕ್ಟಿರಾಯ್ಡೀಸ್ ಥೀಟಾಅಯೋಟಾಓಮೈಕ್ರಾನ್ ಎಂಬ ಬ್ಯಾಕ್ಟೀರಿಯಾ. ಆಮ್ಲಜನಕ ಇದ್ದಲ್ಲಿ ಇವರ ಸಂಸಾರ ಬೆಳೆಯುವುದಿಲ್ಲ. ವಿಳಾಸ: ಬೆಂಗಳೂರಿನ ಗೃಹಸ್ಥರೊಬ್ಬರ ದೊಡ್ಡ ಕರುಳು. ಒಂದೂವರೆ ಮೀಟರ್ ಉದ್ದದ, ಕಿಟಕಿಯಿಲ್ಲದ ವಠಾರ.

ವಠಾರದ ಜನಸಂಖ್ಯೆ ಕೇಂದ್ರ ಬಜೆಟ್ಟಿನಲ್ಲಷ್ಟೇ ಕೇಳಿಬರುವಂಥದ್ದು. ಒಬ್ಬ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಲೆಕ್ಕ ಹಾಕಿದರು. ಬಹುಪಾಲು ದೊಡ್ಡ ಕರುಳಿನ ಒಕ್ಕಲು. ಅಷ್ಟೂ ಸೇರಿ ತೂಗಿದರೆ ಸುಮಾರು 200 ಗ್ರಾಂ.

ಪೂರ್ತಿ ಹೆಸರು ಹೇಳುವಷ್ಟರಲ್ಲಿ ವರದಿಗಾರನಿಗೆ ಉಸಿರು ಕಟ್ಟಿತು. ಗಾಳಿ ಮೊದಲೇ ಇರಲಿಲ್ಲ. ‘ಥೀಟಾ’ ಎಂದರೆ ಸಾಕು ಎಂದು ಒಪ್ಪಂದವಾಯಿತು.

ಪ್ರಶ್ನೆ: ಯಜಮಾನರು ದಿನಾ ಹಣ್ಣು ತಿನ್ನುತ್ತಾರಂತೆ?

ಥೀಟಾ: ಯಾರು ಹೇಳಿದ್ದು? ಈ ಮನೆಗೆ ಬಂದ ಹಣ್ಣಿಗೆ ನಾಲ್ಕೇ ಗತಿ. ದೇವರ ಮುಂದೆ, ತಾಂಬೂಲದ ಚೀಲದಲ್ಲಿ, ಆಸ್ಪತ್ರೆ ಸೇರಿದ ನೆಂಟರ ತಲೆದಿಂಬಿನ ಪಕ್ಕ, ಇಲ್ಲವೇ ಫ್ರಿಜ್ಜಿನ ಕೆಳಗಿನ ಡಬ್ಬಿಯಲ್ಲಿ. ದಿನಕ್ಕೆ 100 ಗ್ರಾಂ ಹಣ್ಣು ತಿನ್ನಿ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ಎರಡು-ಮೂರು ಏಲಕ್ಕಿ ಬಾಳೆ, ಅಷ್ಟೆ! ಅಷ್ಟಕ್ಕೂ ನಮ್ಮವರಿಗೆ ಜ್ವರ ಬರಬೇಕು.

ಪ್ರಶ್ನೆ: ಹಣ್ಣಿನ ಸಕ್ಕರೆಯನ್ನೆಲ್ಲ ಸಣ್ಣ ಕರುಳೇ ಹೀರಿಬಿಡುತ್ತದೆ. ನಿಮಗೇನು ಲಾಭ?

ಥೀಟಾ: ಮನುಷ್ಯ ಅರಗಿಸಲಾಗದೆ ಕೈಚೆಲ್ಲಿದ್ದೇ ನಮ್ಮ ಪಾಲು. ಪಿಷ್ಟ-ಸಕ್ಕರೆಗಳನ್ನು ಒಡೆಯಲು ನಿಮ್ಮ ಬಳಿ ಇರುವ ಕಿಣ್ವಗಳು ಹೆಚ್ಚೆಂದರೆ ಹದಿನೇಳು. ನಮ್ಮ ಬಳಿ 260ರ ಆಸುಪಾಸು! ಸೇಬು, ಸೀಬೆ, ಕಿತ್ತಳೆಗಳಲ್ಲಿ ಪೆಕ್ಟಿನ್ ಎಂಬ ನಾರು ಇದೆಯಲ್ಲ, ಅದರೊಳಗಿನ ಒಂದು ಜಿಡುಕಿನ ಭಾಗದಲ್ಲಿ 13 ಬಗೆಯ ಸಕ್ಕರೆಗಳು, 21 ಬಗೆಯ ಕೊಂಡಿಗಳು. ಅವುಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ನಾವು ಬಿಡಿಸುತ್ತೇವೆ. 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲೇ ಬಂತು.

ಪ್ರಶ್ನೆ: ಆ ಒಂದನ್ನು ಯಾಕೆ ಬಿಟ್ಟಿರಿ?

ಥೀಟಾ: 21ರಲ್ಲಿ 20 ಮುಗಿಸಿದ್ದೇವೆ. ನಿಮ್ಮ ಊರಿನಲ್ಲಿ ಎಂಟು ಮುಗಿದರೆ ಮಂತ್ರಿಗಳು ಬಂದು ಉದ್ಘಾಟನೆ ಮಾಡುವುದಿಲ್ಲವೇ?

ಪ್ರಶ್ನೆ: ಬಾಡಿಗೆ ಕೊಡುತ್ತೀರೋ, ಬಿಟ್ಟಿ ವಾಸವೋ?

ಥೀಟಾ: ಬಾಡಿಗೆ ಬಾಕಿ ಇಟ್ಟಿದ್ದೇ ಇಲ್ಲ. ನಾರನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್ ಕೊಡುತ್ತೇವೆ. ಪಕ್ಕದ ಮನೆಯ ಫೀಕಾಲಿಬ್ಯಾಕ್ಟೀರಿಯಮ್, ರೋಸ್‌ಬೂರಿಯಾ ಮನೆತನದವರು ನಮ್ಮ ಅಸಿಟೇಟನ್ನೂ ಬಳಸಿಕೊಂಡು ಬ್ಯುಟಿರೇಟ್ ತಯಾರಿಸುತ್ತಾರೆ. ಕರುಳಿನ ಒಳಪದರದ ಜೀವಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಶೇ 70ರಷ್ಟು ಅದರದ್ದೇ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 20 ಆಫ್ರಿಕನ್-ಅಮೆರಿಕನ್ನರಿಗೆ ದಕ್ಷಿಣ ಆಫ್ರಿಕದ ಹಳ್ಳಿಯ ನಾರಿನ ಊಟವನ್ನೂ, ಅಲ್ಲಿನ 20 ಹಳ್ಳಿಗರಿಗೆ ಅಮೆರಿಕದ ಊಟವನ್ನೂ ಎರಡು ವಾರ ಬಡಿಸಿದರು. ಅಮೆರಿಕದವರ ಬ್ಯುಟಿರೇಟ್ ಎರಡೂವರೆ ಪಟ್ಟಾಯಿತು. ಹಳ್ಳಿಗರದು ಅರ್ಧಕ್ಕೆ ಇಳಿಯಿತು.

ಇಲ್ಲಿ ವರದಿಗಾರ ಗಂಟಲು ಸರಿಪಡಿಸಿಕೊಂಡು, ವಠಾರದ ಮೇಲಿರುವ ಗಂಭೀರ ಆರೋಪವನ್ನು ಎತ್ತಿದ.

ಪ್ರಶ್ನೆ: ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ನೀವು ಗೋಡೆಯನ್ನೇ ತಿನ್ನುತ್ತೀರಂತೆ?

ಥೀಟಾ: ಉಂಡಿದ್ದರೆ ತಾನೆ ಉಂಡ ಮನೆ! ಗೋಡೆ ತಿನ್ನುವುದು ನಮ್ಮ ಚಟವಲ್ಲ, ಸ್ವಾಮಿ. ನಾರು ಬಾರದಿದ್ದರೆ ಕರುಳಿನ ಮೇಲಿನ ಲೋಳೆಪದರಕ್ಕೆ ಬಾಯಿ ಹಾಕುತ್ತೇವೆ, ಒಪ್ಪುತ್ತೇನೆ. 2016ರಲ್ಲಿ ವಿಜ್ಞಾನಿಗಳು ಇಲಿಗಳ ಕರುಳಿನಲ್ಲಿ ಮನುಷ್ಯರ 14 ಬಗೆಯ ಬ್ಯಾಕ್ಟೀರಿಯಾಗಳನ್ನು ನೆಲೆಗೊಳಿಸಿ, ನಾರಿಲ್ಲದ ಆಹಾರ ಕೊಟ್ಟರು. ಲೋಳೆಪದರ ತೆಳುವಾಯಿತು, ರೋಗಾಣು ಒಳನುಗ್ಗಿತು. ಆ ಹದಿನಾಲ್ಕರಲ್ಲಿ ನಮ್ಮ ಕುಲದವರೂ ಇದ್ದರು. ಹಸಿದವರ ಮೇಲೆ ಕೇಸು ಹಾಕುತ್ತೀರಿ, ಹಸಿವಿಗೆ ಕೆಡವಿದವರ ಮೇಲೆ ಇಲ್ಲ!

ಪ್ರಶ್ನೆ: ಯಜಮಾನರು ಬೆಳಿಗ್ಗೆ ಜ್ಯೂಸ್ ಕುಡಿಯುತ್ತಾರಲ್ಲ?

ಥೀಟಾ: ಸೋಸಿ ಕುಡಿಯುತ್ತಾರೆ! ನಮ್ಮ ಊಟ ಜರಡಿಯಲ್ಲಿ, ಅವರ ಸಕ್ಕರೆ ಲೋಟದಲ್ಲಿ. ಆಮೇಲೆ ‘ಡೀಟಾಕ್ಸ್’ ಎಂದು ಫೋಟೊ ಹಾಕುತ್ತಾರೆ. 2025ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು ಒಂದು ಪುಟ್ಟ ಪ್ರಯೋಗ ಪ್ರಕಟಿಸಿದರು. ಒಟ್ಟು 14 ಜನ. ಮೂರು ದಿನ ಬರೀ ಜ್ಯೂಸ್ ಕುಡಿದವರಲ್ಲಿ ಉರಿಯೂತದ ನಂಟಿರುವ ಬ್ಯಾಕ್ಟೀರಿಯಾಗಳು ಹೆಚ್ಚಿದವು. ಬಾಯಿಯೊಳಗಂತೂ ಎದ್ದು ಕಾಣುವಷ್ಟು.

ಪ್ರಶ್ನೆ: ಹಣ್ಣು ತಿಂದರೆ ಗ್ಯಾಸ್ ಆಗುತ್ತದೆ ಎಂಬ ದೂರು ಮನೆಮನೆಯಲ್ಲೂ ಇದೆ.

ಥೀಟಾ: ಹುದುಗು ಬಂದರೆ ಗಾಳಿ ಬರುತ್ತದೆ, ದೋಸೆ ಹಿಟ್ಟು ಉಬ್ಬಿದಾಗ ಯಾರೂ ಡಾಕ್ಟರ ಹತ್ತಿರ ಓಡುವುದಿಲ್ಲ. ಆರು ತಿಂಗಳು ಉಪವಾಸ ಕೆಡವಿ ಒಂದೇ ಮಧ್ಯಾಹ್ನ ಅರ್ಧ ಹಲಸಿನಹಣ್ಣು ಇಳಿಸಿದರೆ ನಾವೇನು ಮಾಡೋಣ? ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಆದರೆ ಸೇಬು, ಮಾವಿನ ಫ್ರಕ್ಟೋಸನ್ನು ಕೆಲವರ ಸಣ್ಣ ಕರುಳು ಸರಿಯಾಗಿ ಹೀರುವುದಿಲ್ಲ. ಅವರ ದೂರು ನಿಜವಾದದ್ದೇ.

ಪ್ರಶ್ನೆ: ಹಾಗಾದರೆ ಒಗ್ಗುವ ಹಣ್ಣು ಒಂದನ್ನೇ ತಿಂದರಾಯಿತು.

ಥೀಟಾ: ಒಂದೇ ಹಣ್ಣಿಗೆ ವಠಾರವೆಲ್ಲ ತುಂಬುವುದಿಲ್ಲ. ಪೆಕ್ಟಿನ್ ನನಗಾಯಿತು. ದೋರೆ ಬಾಳೆಯಲ್ಲಿ ಸಣ್ಣ ಕರುಳಿಗೆ ಜಗ್ಗದ ಪಿಷ್ಟವಿರುತ್ತದೆ. ಅಂಥ ಪಿಷ್ಟವನ್ನು ಒಡೆಯುವುದರಲ್ಲಿ ರೂಮಿನೋಕಾಕಸ್ ಬ್ರೋಮಿಯೈ ಎತ್ತಿದ ಕೈ. ಅವರು ಒಡೆದು ಚೆಲ್ಲಿದ್ದರಲ್ಲಿ ಹತ್ತು ಮನೆ ಉಣ್ಣುತ್ತವೆ. ಬಾಗಲಕೋಟೆಯ ದಾಳಿಂಬೆ ಬಂದರೆ ಅದರ ಒಗರನ್ನು ಗಾರ್ಡೋನಿಬ್ಯಾಕ್ಟರ್‌ನಂಥವರು ಯುರೋಲಿಥಿನ್ ಆಗಿ ಮಾರ್ಪಡಿಸುತ್ತಾರೆ. ಆ ಕಸುಬಿನವರು ಎಲ್ಲರ ಕರುಳಲ್ಲೂ ಇಲ್ಲ. ಬರೀ ಒಬ್ಬರಿಗೇ ಬಡಿಸಿದರೆ ಉಳಿದವರು ಸೊರಗುತ್ತಾರೆ. ಖಾಲಿ ಬಿದ್ದ ಮನೆಗೆ ಯಾರು ಬಂದು ಕೂರುತ್ತಾರೋ ಹೇಳಲಾಗದು.

ಪ್ರಶ್ನೆ: ಕೊನೆಯದಾಗಿ, ಓದುಗರಿಗೆ ನಿಮ್ಮ ಸಂದೇಶ?

ಥೀಟಾ: ಸಂದೇಶ ವಾಟ್ಸಾಪ್ ಗುಂಪಿನವರ ಇಲಾಖೆ. ನಮ್ಮದು ಬೇಡಿಕೆ ಪಟ್ಟಿ, ಬರೆದುಕೊಳ್ಳಿ. ಸೀಬೆ ಬೀಜ ಸಮೇತ ಬರಬೇಕು. 100 ಗ್ರಾಂನಲ್ಲಿ ಐದು ಗ್ರಾಂನಷ್ಟು ನಾರಿದೆ. ಸೇಬಿನ ಸಿಪ್ಪೆ ಹೆರೆಯಕೂಡದು. ಕಿತ್ತಳೆ ತೊಳೆಯ ಮೇಲಿನ ಬಿಳಿ ನಾರನ್ನು ಹೆಕ್ಕಿ ಹೆಕ್ಕಿ ಎಸೆಯುವ ಶಿಸ್ತನ್ನು ಕೈಬಿಡಬೇಕು. ಇನ್ನು ಈ ಭಾನುವಾರ ಯಜಮಾನರಿಗೆ ಜಯನಗರದಲ್ಲಿ ಒಂದು ಮದುವೆಯಿದೆ. ನಾಲ್ಕು ಹೋಳಿಗೆ ಮುಗಿಸಿ, ಬಾಳೆಹಣ್ಣನ್ನು ಎಲೆಯೊಳಗೇ ಮಡಚಿಟ್ಟು ಎದ್ದುಬಿಡುತ್ತಾರೆ. ಕನಿಷ್ಠ ಜೇಬಿಗಾದರೂ ಹಾಕಿಕೊಂಡು ಬರಲು ಹೇಳಿ.