ಕಾಯ್ದೆ ಬಂತು ಅಂತೀರಲ್ಲ, ಕರ್ಕೊಂಡು ಬಂದೋರು ಯಾರು?

ನಮ್ಮ ದಾವಣಗೆರೆಯಲ್ಲಿ ಎಲ್ಲವೂ ತಂತಾನೇ ಬರುತ್ತವೆ. ಮಳೆ ಬರುತ್ತೆ, ಭದ್ರಾ ನಾಲೆಗೆ ನೀರು ಬರುತ್ತೆ, ಹೋದ ಕರೆಂಟು ಬರುತ್ತೆ, ಕಾಯ್ದೆಯೂ ಬರುತ್ತೆ. ಕಾಂಪೌಂಡಿನ ಆಚೆಯ ಸಾವ್ಕಾರ್ರು ಮಂಡಿಪೇಟೆಯಲ್ಲಿ ಅಂಗಡಿ ಇಟ್ಟವರು. ಪೇಪರ್ ಮಡಚುತ್ತಾ ಅವರು ಹೇಳುವುದೂ ಇದನ್ನೇ: “ಮೇಷ್ಟ್ರೇ, ಇನ್ನೊಂದು ಕಾನೂನು ಬಂತಂತ್ರೀ.”

“ಬರ್ಲಿ ಬಿಡ್ರಿ. ಕಳಿಸಿದೋರು ಯಾರಂತೆ?”

“ಯಾರಾದ್ರೇನ್ರಿ, ಸರ್ಕಾರ!”

ಇಲ್ಲೇ ನನಗೂ ಅವರಿಗೂ ತಕರಾರು. ಈ ಒಂದು ‘ಬಂತು’ ಇರುವ ಜಾಗದಲ್ಲಿ ಇಂಗ್ಲಿಷಿನವರು ಪಾಸ್, ಎನ್ಯಾಕ್ಟ್, ಪ್ರೊಮಲ್ಗೇಟ್, ನೋಟಿಫೈ, ಎನ್‌ಫೋರ್ಸ್ ಅಂತ ಸಾಲಾಗಿ ಇಟ್ಟುಕೊಂಡಿದ್ದಾರೆ. ಒಣಜಂಬಕ್ಕಲ್ಲ, ಒಂದೊಂದು ಕೆಲಸ ಮಾಡುವ ಕೈಯೂ ಬೇರೆ. ಮಸೂದೆಯನ್ನು ಸದನ ಪಾಸು ಮಾಡುತ್ತೆ. ರಾಜ್ಯಪಾಲರ ಅಂಕಿತ ಬಿದ್ದ ಮೇಲೆ ಅದು ಅಧಿನಿಯಮ ಆಗುತ್ತೆ. ಎನ್ಯಾಕ್ಟ್ ಆಯಿತು ಅನ್ನುವುದು ಆಗ. ಪ್ರೊಮಲ್ಗೇಟ್ ಅನ್ನುವ ಬಾಯಿತುಂಬುವ ಮಾತು ಸಂವಿಧಾನದ 213ನೇ ವಿಧಿಯಲ್ಲಿದೆ: ಸದನ ಕೂತಿಲ್ಲದ ಹೊತ್ತಿನಲ್ಲಿ ರಾಜ್ಯಪಾಲರು ಸುಗ್ರೀವಾಜ್ಞೆ ಹೊರಡಿಸುವುದು. ರಾಜ್ಯಪತ್ರದಲ್ಲಿ ಅಚ್ಚು ಹಾಕಿಸಿ ಇಂಥ ದಿನದಿಂದ ಅಂತ ಸರ್ಕಾರ ಗೊತ್ತು ಮಾಡುವುದು ನೋಟಿಫೈ. ಕೊನೆಗೆ ಅಂಗಡಿ ಬಾಗಿಲಿಗೆ ಬಂದು ನಿಲ್ಲುವವರದು ಎನ್‌ಫೋರ್ಸ್.

“ಇಷ್ಟೆಲ್ಲ ರಗಳೆ ಯಾಕ್ರೀ? ಹರಿಹರದ ಗುಡಿಯಾಗೆ ನೋಡ್ರಿ, ರಾಜ ಹೇಳಿದ, ಕಲ್ಲಿನ ಮ್ಯಾಲೆ ಕೆತ್ತಿದ್ರು, ಮುಗೀತು” ಅಂದರು ಸಾವ್ಕಾರ್ರು. ಅವರ ಮನೆಯವರ ತವರು ಹರಿಹರ, ಆ ಊರಿನ ಮಾತು ಬಂದರೆ ಅವರ ದನಿ ಏರುತ್ತೆ.

ಮಾತು ಸುಳ್ಳಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರಲ್ಲಿ, ಪೋಲಾಳ್ವ ದಂಡನಾಯಕ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಶಾಸನದ ಕಲ್ಲುಗಳಿಗೆ ಬರವಿಲ್ಲ. ಆಗಿನ ಅರಸ ಯೋಚಿಸಿದ್ದೂ ಅವನೇ, ಅಪ್ಪಣೆ ಕೊಟ್ಟಿದ್ದೂ ಅವನೇ, ಸಾರಿದ್ದೂ ಅವನೇ. ದಾನಶಾಸನಗಳ ಕೊನೆಗೆ ಬರುವ ಶಾಪವನ್ನಂತೂ ಕೇಳಬೇಡಿ: ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟಲಿ! ಜಾಮೀನಿಲ್ಲ, ಮೇಲ್ಮನವಿಯೂ ಇಲ್ಲ.

“ಅರಸನ ಕಾಲದಾಗೆ ಬೈಯ್ಯೋಕೆ ಒಬ್ನೇ ಇದ್ದ, ಆದ್ರೆ ಬೈಯ್ಯಂಗಿರ್ಲಿಲ್ಲ” ಅಂದೆ. “ಈಗ ಬೈಯ್ಬೋದು. ಆದ್ರೆ ಯಾರ್ನ ಅಂತ ಗೊತ್ತಿರ್ಬೇಕು. ನಿಮ್ಮ ಅಂಗಡಿ ಬೋರ್ಡಿನ ಕತೆನೇ ತಗೊಳ್ರಿ.”

ಸಾವ್ಕಾರ್ರು ನಕ್ಕರು. ನಾಮಫಲಕದ ಮೇಲ್ಭಾಗದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು ಅನ್ನುವ ಸುಗ್ರೀವಾಜ್ಞೆಗೆ 2024ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿತು. ಅಷ್ಟಕ್ಕೇ ‘ಬಂತು’ ಅಂತ ಇವರು ಪೇಂಟರನ್ನು ಕರೆಸಿ ಏಣಿ ಹತ್ತಿಸಿದರು. ಅತ್ತ ರಾಜ್ಯಪಾಲರು, ಅಧಿವೇಶನ ಹತ್ತಿರದಲ್ಲೇ ಇದೆ, ಮಸೂದೆಯನ್ನೇ ತನ್ನಿ ಅಂತ ಕಡತ ವಾಪಸ್ ಕಳಿಸಿದರು. ಫೆಬ್ರವರಿಯಲ್ಲಿ ಎರಡೂ ಸದನಗಳು ಮಸೂದೆ ಪಾಸು ಮಾಡಿದವು. ಸಂಪುಟ ಒಪ್ಪಿದರೆ ಕಾಯ್ದೆಯಲ್ಲ, ಸದನ ಒಪ್ಪಿದರೂ ಪೂರ್ತಿ ಕಾಯ್ದೆಯಲ್ಲ.

“ಸುಗ್ರೀವಾಜ್ಞೆ ಅಂದ್ರೆ ಮೀರಂಗಿಲ್ಲ ಅಂತಾರಲ್ರೀ?”

“ಮೀರಂಗಿಲ್ಲ, ಆದ್ರೆ ಆಯಸ್ಸು ಕಡಿಮೆ.” ಸೀತೆಯನ್ನು ಹುಡುಕಿ ಒಂದು ತಿಂಗಳೊಳಗೆ ಬನ್ನಿ, ತಪ್ಪಿದರೆ ತಲೆ ಹೋಗುತ್ತೆ ಅಂತ ಆ ಸುಗ್ರೀವ ಗಡುವು ಕೊಟ್ಟದ್ದು ಕಪಿಗಳಿಗೆ. ನಮ್ಮ ಸಂವಿಧಾನ ಗಡುವು ಕೊಟ್ಟದ್ದು ಆಜ್ಞೆಗೇ. ಸದನ ಮತ್ತೆ ಸೇರಿ ಆರು ವಾರ ಆಗುವುದರೊಳಗೆ ಅದನ್ನು ಕಾಯ್ದೆ ಮಾಡಿಕೊಳ್ಳದಿದ್ದರೆ ಅದರ ಕತೆ ಮುಗಿಯಿತು.

ಪಾಸಾಗಿ, ಅಂಕಿತವೂ ಬಿದ್ದು ಸುಮ್ಮನೆ ಮಲಗಿರುವ ಕಾಯ್ದೆಗಳೂ ಉಂಟು. ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಸಂಸತ್ತು 2019 ಮತ್ತು 2020ರಲ್ಲೇ ಪಾಸು ಮಾಡಿತ್ತು. ಅವು ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಅಲ್ಲಿಯವರೆಗೆ ಹರಿಹರದ ಕಾರ್ಖಾನೆ ಗೇಟಿನೊಳಗೆ ಹಳೇ ಕಾನೂನುಗಳೇ ನಡೆದವು. ಆ ಐದು ವರ್ಷ ಸಂಸತ್ತನ್ನು ಬೈದು ಉಪಯೋಗವಿರಲಿಲ್ಲ. ದಿನ ಗೊತ್ತು ಮಾಡುವ ಕೈ ಸರ್ಕಾರದ್ದು.

ನಮ್ಮ ಊರನ್ನೇ ನೋಡಿ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದದ್ದಕ್ಕೆ ಸದನದಲ್ಲಿ ಮಸೂದೆ ಬೇಕಾಗಲಿಲ್ಲ. ಭೂಕಂದಾಯ ಕಾಯ್ದೆಯಡಿ ಅಧಿಸೂಚನೆ ಸಾಕಾಯಿತು. ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಮಾತ್ರ ವಿಶ್ವವಿದ್ಯಾಲಯಗಳ ಕಾಯ್ದೆಯನ್ನೇ ತಿದ್ದಬೇಕಾಯಿತು. ಹರಿಹರವನ್ನು ಚಿತ್ರದುರ್ಗದಿಂದ ಬಿಡಿಸಿ ನಮ್ಮ ಕಡೆಗೆ ಸೇರಿಸಿದ್ದೂ, ಆಮೇಲೆ ಹರಪನಹಳ್ಳಿಯನ್ನು ನಮ್ಮಿಂದ ಬಳ್ಳಾರಿಗೆ ಕಳಿಸಿದ್ದೂ ಅಧಿಸೂಚನೆಯೇ.

ಸಾವ್ಕಾರ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಪಟ್ಟು ಹಾಕಿದರು: “ಆತು ಮೇಷ್ಟ್ರೇ. 2016ರಾಗೇ ಪ್ಲಾಸ್ಟಿಕ್ ಕವರ್ ನಿಷೇಧ ಅಂತ ರಾಜ್ಯಪತ್ರದಾಗೆ ಬಂತಲ್ಲ. ಇವತ್ತಿಗೂ ಸಂತೆ ತುಂಬಾ ಅದೇ ಐತೆ. ಅಲ್ಲಿ ತಪ್ಪಿದ್ದು ಯಾವ ಕೈ?”

“ಕೊನೇದು, ಎನ್‌ಫೋರ್ಸು.”

“ಹಂಗಾದ್ರೆ ಪಾಲಿಕೆಯೋರ್ನ ಬೈಯ್ಬೇಕು ಅನ್ರಿ.”

“ಬೈರಿ. ಆದ್ರೆ ಮೊದ್ಲು ಕೈಯಾಗಿರೋ ಮಿರ್ಚಿ ಕವರ್ ಒಳಗಿಟ್ಟು ಬರ್ರಿ.”