ತಂಬೂರಿ ಗದ್ದಲವಲ್ಲ

ನಮ್ಮ ಬೇಗೂರಿನಲ್ಲಿ ಬೇಲಿಗೆ ಕೈಯೂರಿ ನಿಂತವರ ಮಾತು ಮೊದಲೆಲ್ಲ ಮಳೆ, ಚೆಂಡು ಹೂವಿನ ರೇಟು, ಪಂಪ್‌ಸೆಟ್ಟಿನ ಕರೆಂಟು, ಇಷ್ಟರಲ್ಲೇ ಸುತ್ತುತ್ತಿತ್ತು. ಈಗ ರೆಕಾರ್ಡಿಂಗ್ ಸಾಫ್ಟ್‌ವೇರಿನವರೆಗೂ ಹೋಗುತ್ತದೆ. ಹೋಗಲೇಬೇಕು. ಗುಂಡ್ಲುಪೇಟೆ, ಚಾಮರಾಜನಗರ, ಕೊಳ್ಳೇಗಾಲದ ಈ ಸೀಮೆಯಲ್ಲಿ ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆ ಹಾಡುವ ನೀಲಗಾರರಿದ್ದಾರೆ. ಮಾದಪ್ಪನ ಕಥೆ ಹಾಡುವ ದೇವರಗುಡ್ಡರಿದ್ದಾರೆ. ನೀಲಗಾರರ ಕೈಯಲ್ಲಿ ತಂಬೂರಿ, ಗಗ್ಗರ, ಡಕ್ಕೆ. ದೇವರಗುಡ್ಡರ ಕೈಯಲ್ಲಿ ಕಂಸಾಳೆ, ದಮ್ಮಡಿ, ಏಕತಾರಿ. ಇರುಳೆಲ್ಲ ಹಾಡಿದರೂ ಮುಗಿಯದ ಕಾವ್ಯ ಆ ಗಂಟಲುಗಳಲ್ಲಿದೆ. ಮೊಮ್ಮಕ್ಕಳ ಕೈಯಲ್ಲಿ ಲ್ಯಾಪ್‌ಟಾಪ್ ಇದೆ. ಎರಡೂ ಒಂದೇ ಜಗಲಿಯ ಮೇಲೆ ಕೂತಾಗ ತೊಂದರೆಗಳು ಏಳುತ್ತವೆ, ಅವು ಬೇಲಿಯ ಮೇಲೇ ಬಗೆಹರಿಯುತ್ತವೆ.

ಪಕ್ಕದ ಮನೆಯ ಹುಡುಗ ತಾತನ ಹಾಡನ್ನು ರೆಕಾರ್ಡ್ ಮಾಡಿಡಲು ಹೊರಟಿದ್ದಾನೆ. ಅವನ ಮೊದಲ ದೂರು ಇದು: "ಅಣ್ಣ, ತಾತನ ದನಿ ಚೆಂದಾಗಿ ಬತ್ತದ, ತಂಬೂರಿ ಮಾತ್ರ ಇಲ್ಲ. ಸುರುವಲ್ಲಿ ಒಂಚೂರು ಕೇಳ್ತದ, ಆಮೇಲ ಕರಗೋಯ್ತದ."

ಕೆಟ್ಟಿರುವುದು ಮೈಕಲ್ಲ. ಈಗಿನ ಲ್ಯಾಪ್‌ಟಾಪು, ಮೊಬೈಲುಗಳನ್ನು ಫೋನ್ ಕರೆಗೆ, ಮೀಟಿಂಗಿಗೆ ಅನುಕೂಲವಾಗುವಂತೆ ಹೊಂದಿಸಿರುತ್ತಾರೆ. ಫ್ಯಾನಿನ ಸದ್ದು ಒಂದೇ ಸಮನೆ ಬರುತ್ತದೆ, ಮಾತು ಏರಿಳಿಯುತ್ತದೆ. ಹಾಗಾಗಿ ಒಂದೇ ಸಮನೆ ಬರುವುದೆಲ್ಲ ಗದ್ದಲ, ಅದನ್ನು ಅಳಿಸಬೇಕು ಎಂಬುದು ಆ ಯಂತ್ರಕ್ಕೆ ಕಲಿಸಿರುವ ಪಾಠ. ತಂಬೂರಿಯ ಕೆಲಸವೇ ಒಂದೇ ಸಮನೆ ಮೊಳಗುವುದು. ಯಂತ್ರ ಒಂದೆರಡು ಗಳಿಗೆ ಕೇಳಿಸಿಕೊಂಡು, ಇದು ಫ್ಯಾನಿನ ಜಾತಿಯದೇ ಎಂದು ತೀರ್ಮಾನಿಸಿ ಅಳಿಸಿಬಿಡುತ್ತದೆ. ನೀಲಗಾರರ ಹಾಡಿನಲ್ಲಿ ತಂಬೂರಿ ಹೋದರೆ ಹಾಡು ನಿಲ್ಲಲು ನೆಲವೇ ಇಲ್ಲ.

ಪರಿಹಾರ ಸುಲಭ. ಕಂಪ್ಯೂಟರಿನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಮೈಕಿನ ಪುಟ ತೆರೆದು, ಆಡಿಯೋ ಎನ್‌ಹಾನ್ಸ್‌ಮೆಂಟ್, ನಾಯ್ಸ್ ಸಪ್ರೆಷನ್, ಆಟೋ ಗೇನ್ ಎಂದು ಏನೇನಿದೆಯೋ ಎಲ್ಲವನ್ನೂ ಆಫ್ ಮಾಡಿ. ಆಟೋ ಗೇನ್ ಇನ್ನೊಂದು ತರಲೆ ಮಾಡುತ್ತದೆ. ತಾತ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರೆ ಹಿತ್ತಿಲ ಕೋಳಿಯ ದನಿ ದೊಡ್ಡದಾಗುತ್ತದೆ. ಕಂಸಾಳೆ ಬಡಿದೊಡನೆ ಎಲ್ಲರ ದನಿಯೂ ತಗ್ಗಿಹೋಗುತ್ತದೆ. ಆಮೇಲೆ ಸಾಫ್ಟ್‌ವೇರಿನಲ್ಲಿ ಗದ್ದಲ ತೆಗೆಯುವ ಮನಸ್ಸಿದ್ದರೆ, ತಂಬೂರಿ ಮುಟ್ಟುವ ಮೊದಲೇ ಅರ್ಧ ನಿಮಿಷ ಬರೀ ಮೌನವನ್ನು ರೆಕಾರ್ಡ್ ಮಾಡಿಕೊಳ್ಳಿ. ಗದ್ದಲದ ಮಾದರಿಯಾಗಿ ಆ ಮೌನವನ್ನು ತೋರಿಸಬೇಕು. ತಂಬೂರಿ ಮೊಳಗುತ್ತಿರುವ ಜಾಗವನ್ನು ತೋರಿಸಿದರೆ ಸಾಫ್ಟ್‌ವೇರ್ ಹುಡುಕಿ ಹುಡುಕಿ ತಂಬೂರಿಯನ್ನೇ ತೆಗೆಯುತ್ತದೆ.

ಇದಕ್ಕಿಂತ ಸಾಮಾನ್ಯವಾದ ತೊಂದರೆ, ಏನೂ ರೆಕಾರ್ಡ್ ಆಗದಿರುವುದು. ಪರದೆಯ ಮೇಲೆ ಗೆರೆ ಮಟ್ಟಸವಾಗಿ ಓಡುತ್ತಿರುತ್ತದೆ, ದನಿ ಇಲ್ಲ. ಗಾಬರಿಪಟ್ಟು ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಬೇಡಿ. ದನಿ ಬರುವ ದಾರಿಯಲ್ಲೇ ಒಂದೊಂದು ಹೆಜ್ಜೆ ನೋಡುತ್ತ ಬನ್ನಿ. ಇಂಟರ್‌ಫೇಸಿಗೆ, ಅಂದರೆ ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆಗೆ, ಸಿಕ್ಕಿಸುವ ಕಂಡೆನ್ಸರ್ ಮೈಕಾದರೆ ಅದಕ್ಕೆ 48 ವೋಲ್ಟಿನ ಫ್ಯಾಂಟಮ್ ಪವರ್ ಬೇಕು. ಇಂಟರ್‌ಫೇಸಿನ ಆ ಗುಂಡಿ ಒತ್ತಿದೆಯೇ? ಸಾಫ್ಟ್‌ವೇರಿನಲ್ಲಿ ಆರಿಸಿರುವುದು ಆ ಮೈಕನ್ನೋ, ಲ್ಯಾಪ್‌ಟಾಪಿನ ಒಳಗಿನ ಮೈಕನ್ನೋ? ವಿಂಡೋಸ್‌ನ ಪ್ರೈವೆಸಿ ಸೆಟ್ಟಿಂಗಿನಲ್ಲಿ ಮೈಕ್ ಬಳಸಲು ಅನುಮತಿ ಕೊಟ್ಟಿದೆಯೇ? ಸಾಮಾನ್ಯವಾಗಿ ಈ ಮೂರರಲ್ಲೇ ಉತ್ತರ ಸಿಗುತ್ತದೆ.

"ದನಿ ಏನೋ ಬತ್ತದಣ್ಣ, ಫೋನಲ್ಲಿ ಮಾತಾಡ್ದಂಗ ಬತ್ತದ" ಅಂದರೆ ಅವನ ಕಿವಿಯಲ್ಲಿರುವ ಬ್ಲೂಟೂತ್ ನೋಡಬೇಕು. ಅದರ ಮೈಕು ಶುರುವಾದೊಡನೆ ಬ್ಲೂಟೂತ್ ಫೋನ್ ಕರೆಯ ದಾರಿಗೆ ಹೊರಳಿ ದನಿಯ ಗುಣ ಇಳಿಯುತ್ತದೆ, ಜೊತೆಗೆ ತಡವಾಗಿಯೂ ಕೇಳಿಸುತ್ತದೆ. ರೆಕಾರ್ಡಿಂಗಿಗೆ ತಂತಿ ಇರುವ ಹೆಡ್‌ಫೋನೇ ಸರಿ.

ನಡುನಡುವೆ ಚಟಚಟ ಸದ್ದು ಬರುವುದು ಬಫರಿನಿಂದ. ಕರೆಂಟು ಬಂದು ಹೋಗಿ ಮಾಡುವಾಗ ಹೊಲಕ್ಕೆ ನೀರು ತಪ್ಪದಿರಲಿ ಎಂದು ತೊಟ್ಟಿ ಕಟ್ಟಿಕೊಂಡಿರುವ ಹಾಗೆ, ಕಂಪ್ಯೂಟರಿಗೆ ಬೇರೆ ಕೆಲಸದಲ್ಲಿ ಕೈ ತಡವಾದರೂ ದನಿ ತುಂಡಾಗದಿರಲಿ ಎಂದು ಇಟ್ಟಿರುವ ಜಾಗ ಈ ಬಫರ್. ಅದು ಸಣ್ಣದಾದರೆ ಬರಿದಾಗಿ ಚಟಚಟ ಅನ್ನುತ್ತದೆ. ದೊಡ್ಡದಾದರೆ ಹಾಡಿದ್ದು ಹೆಡ್‌ಫೋನಿನಲ್ಲಿ ತಡವಾಗಿ ಕೇಳುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ 128ರ ಬಫರ್ ಎಂದರೆ ಮೂರು ಮಿಲಿಸೆಕೆಂಡಿಗೂ ಕಡಿಮೆ; 1,024 ಎಂದರೆ 21 ಮಿಲಿಸೆಕೆಂಡು, ಹೋಗಿ ಬರುವ ಎರಡೂ ದಾರಿಗೆ 42ಕ್ಕೂ ಹೆಚ್ಚು. ಅಷ್ಟು ತಡವಾಗಿ ಕೇಳುತ್ತ ದಮ್ಮಡಿ ಬಡಿದರೆ ತಾಳ ಜಾರದೆ ಇರುತ್ತದೆಯೇ? ಆದರೆ ಒಂದು ಮಾತು ತಿಳಿದಿರಲಿ. ಎಲ್ಲರೂ ಒಟ್ಟಿಗೆ ಕೂತು ಹಾಡುವಾಗ ಯಾರಿಗೂ ಹೆಡ್‌ಫೋನ್ ಬೇಕಿಲ್ಲ. ಆಗ ಬಫರನ್ನು ಧಾರಾಳವಾಗಿ ದೊಡ್ಡದಿಡಿ, ವೈಫೈ ಆಫ್ ಮಾಡಿ, ಬೇರೆ ಕಿಟಕಿಗಳನ್ನೆಲ್ಲ ಮುಚ್ಚಿ, ಚಟಚಟ ನಿಲ್ಲುತ್ತದೆ. ನೀಲಗಾರರನ್ನು ಬೇರೆ ಬೇರೆ ಕೂರಿಸಿ, ಒಂದೊಂದು ವಾದ್ಯವನ್ನು ಒಂದೊಂದು ದಿನ ಹಿಡಿದು ಜೋಡಿಸುವ ಸಿನಿಮಾ ಪದ್ಧತಿ ಇಲ್ಲಿಗೆ ಹೊಂದುವುದಿಲ್ಲ. ಹಿಮ್ಮೇಳದವರು ಮುಂದಾಳಿನ ಮುಖ ನೋಡಿಯೇ ಸೊಲ್ಲು ಎತ್ತಿಕೊಳ್ಳುವವರು.

ಒಡಕು ದನಿಯ ವಿಷಯ ಇನ್ನೂ ಗಂಭೀರ. ಕ್ಯಾಸೆಟ್ಟಿನ ಕಾಲದಲ್ಲಿ ದನಿ ಮಿತಿ ಮೀರಿದರೆ ಟೇಪು ಸ್ವಲ್ಪ ಸ್ವಲ್ಪವಾಗಿ ಒರಟಾಗುತ್ತಿತ್ತು. ಡಿಜಿಟಲ್‌ನಲ್ಲಿ ಸೊನ್ನೆ ಡೆಸಿಬೆಲ್ಲೇ ಸೂರು. ಅದರಾಚೆಗಿನದು ಕತ್ತರಿಸಿ ಹೋಗುತ್ತದೆ. ಕಂಸಾಳೆಯೋ ಕಂಚಿನದು. ಎಡಗೈಯ ಬಟ್ಟಲಿಗೆ ಬಲಗೈಯ ತಟ್ಟೆ ತಾಗಿದ ಆ ಕ್ಷಣದಲ್ಲಿ ದನಿ ಚಿಮ್ಮಿ ಏರುತ್ತದೆ. "ಹಲೋ ಹಲೋ ಮೈಕ್ ಟೆಸ್ಟ್" ಎಂದು ಮೆಲ್ಲಗೆ ಮಾತಾಡಿ ಮಟ್ಟ ಗೊತ್ತು ಮಾಡಿಕೊಂಡರೆ ಮೊದಲ ಬೀಸಿಗೇ ಕೆಂಪು ದೀಪ ಉರಿಯುತ್ತದೆ. ಹಾಡಿನಲ್ಲಿ ಎಲ್ಲಕ್ಕಿಂತ ರಭಸದ ಜಾಗವನ್ನು ಒಮ್ಮೆ ಹಾಡಿಸಿ, ಕಂಸಾಳೆ ಬೀಸಿಸಿ, ಆಗಲೂ ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್ಲಿನ ಆಸುಪಾಸಿನಲ್ಲಿ ನಿಲ್ಲುವಂತೆ ಗೇನ್ ಇಳಿಸಿ. "ಮೆಲ್ಲಗಾಯ್ತದಲ್ಲಣ್ಣ?" ಎಂಬ ಭಯ ಬೇಡ. 16 ಬಿಟ್‌ನಲ್ಲಿ ಸದ್ದಿನ ಹರವು 96 ಡೆಸಿಬೆಲ್, 24 ಬಿಟ್‌ನಲ್ಲಿ ಲೆಕ್ಕಕ್ಕೆ 144. 24 ಬಿಟ್ ಇಟ್ಟುಕೊಂಡರೆ ಮೆಲ್ಲಗಿನ ದನಿಯನ್ನು ಆಮೇಲೆ ಏರಿಸಿಕೊಳ್ಳಬಹುದು. ಕತ್ತರಿಸಿಹೋದ ದನಿಯನ್ನು ಯಾವ ಸಾಫ್ಟ್‌ವೇರೂ ಮರಳಿ ತರುವುದಿಲ್ಲ. ಅದು ಊಹಿಸಿ ತೇಪೆ ಹಾಕುತ್ತದೆ ಅಷ್ಟೆ.

ಒಂದು ದಿನ ತಾತನೇ ಬೇಲಿಯ ಬಳಿ ಬಂದು ಹೇಳಿದರು: "ಇದು ನನ್ ದನಿ ಅಲ್ಲ ಕನಪ್ಪ. ಯಾರೋ ಕಾಯಿಲೆ ಬಿದ್ದೋನು ಹಾಡ್ದಂಗದ." ಅವರ ಕಿವಿಗೆ ತಪ್ಪು ಸರಿಯಾಗಿಯೇ ಸಿಕ್ಕಿತ್ತು. ಆ ತಪ್ಪು ಸ್ಯಾಂಪಲ್ ರೇಟಿನದು. ಸಿ.ಡಿ. ಮಾರುಕಟ್ಟೆಗೆ ಬಂದದ್ದು 1982ರಲ್ಲಿ; ಅದರ ಸ್ಯಾಂಪಲ್ ರೇಟು ಸೆಕೆಂಡಿಗೆ 44,100. ವೀಡಿಯೋದವರ ರೂಢಿ 48,000. ಮೊಬೈಲಿನಲ್ಲಿ ವೀಡಿಯೋ ತೆಗೆದರೆ ಅದರ ದನಿಯೂ ಸಾಮಾನ್ಯವಾಗಿ 48,000. 48,000ದಲ್ಲಿ ಹಿಡಿದದ್ದನ್ನು 44,100 ಎಂದು ತಪ್ಪಾಗಿ ಗುರುತಿಸಿ ನುಡಿಸಿದರೆ ಒಂದು ಗಂಟೆಯ ಹಾಡು 65 ನಿಮಿಷ 18 ಸೆಕೆಂಡಿಗೆ ಎಳೆದುಕೊಳ್ಳುತ್ತದೆ, ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಸುಮಾರು ಒಂದೂವರೆ ಮನೆ ಇಳಿಯುತ್ತದೆ. ತಿರುಗಾಮುರುಗಾ ಆದರೆ ಹಾಡು 55 ನಿಮಿಷಕ್ಕೆ ಓಡಿ ಮುಗಿಯುತ್ತದೆ, ದನಿ ಎಳೆಯದಾಗುತ್ತದೆ. ಇದನ್ನು ಶ್ರುತಿ ಏರಿಸುವ ಎಫೆಕ್ಟ್ ಹಾಕಿ ಸರಿಮಾಡಲು ಹೋಗಬೇಡಿ. ಟ್ರ್ಯಾಕಿನ ಮೆನುವಿನಲ್ಲಿ ರೇಟನ್ನು ಸರಿಯಾದ ಅಂಕಿಗೆ ಬದಲಿಸಿದರೆ ಮೂಲ ದನಿ ಹಾಗೇ ಮರಳುತ್ತದೆ. ಸೌಂಡ್ ಸೆಟ್ಟಿಂಗ್ಸ್, ಇಂಟರ್‌ಫೇಸ್, ಸಾಫ್ಟ್‌ವೇರ್ ಮೂರರಲ್ಲೂ ಒಂದೇ ಅಂಕಿ ಇರಲಿ.

ಉದ್ದದ ಹಾಡು ಇನ್ನೊಂದು ಪರೀಕ್ಷೆ. ಮೂರು ನಾಲ್ಕು ನಿಮಿಷದ ಸಿನಿಮಾ ಹಾಡಿಗೆ ಈ ತೊಂದರೆ ಇಲ್ಲ. ಇರುಳೆಲ್ಲ ನಡೆಯುವ ಮಾದಪ್ಪನ ಕಥೆಗೆ ಇದೆ. 24 ಬಿಟ್, 48,000, ಸ್ಟೀರಿಯೋ ಆದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಜಿ.ಬಿ. ಜಾಗ ಬೇಕು. ಸಾಮಾನ್ಯ ವೇವ್ ಫೈಲಿನ ಮಿತಿ 4 ಜಿ.ಬಿ. ನಾಲ್ಕು ಗಂಟೆ ಎಂಟು ನಿಮಿಷದ ಹೊತ್ತಿಗೆ ಆ ಮಿತಿ ಮುಟ್ಟುತ್ತದೆ. ಫ್ಯಾಟ್32 ಎಂದು ಫಾರ್ಮ್ಯಾಟ್ ಆದ ಪೆನ್‌ಡ್ರೈವೂ ಅಷ್ಟೇ, 64 ಜಿ.ಬಿ. ಖಾಲಿ ಇದ್ದರೂ 4 ಜಿ.ಬಿ. ಮೀರಿದ ಒಂದು ಫೈಲನ್ನು ಅದು ತೆಗೆದುಕೊಳ್ಳುವುದಿಲ್ಲ. ಇದಕ್ಕೆ ಉಪಾಯವನ್ನು ನಮ್ಮ ಗಾಯಕರೇ ಮಾಡಿಟ್ಟಿದ್ದಾರೆ. ಕಾವ್ಯವನ್ನು ಅವರು ಸಾಲು ಸಾಲಾಗಿ ಹಾಡುತ್ತಾರೆ: ಶ್ರವಣದೊರೆ ಸಾಲು, ಜುಂಜೇಗೌಡನ ಸಾಲು, ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಹೀಗೆ. ಒಂದು ಸಾಲು ಮುಗಿದು ನೀರು ಕುಡಿಯುವ ಹೊತ್ತಿಗೆ ರೆಕಾರ್ಡಿಂಗ್ ನಿಲ್ಲಿಸಿ, ಸೇವ್ ಮಾಡಿ, ಹೊಸ ಫೈಲ್ ಶುರು ಮಾಡಿ. ಫೈಲಿಗೆ ಆ ಸಾಲಿನ ಹೆಸರನ್ನೇ ಇಡಿ.

ಸೇವ್ ಮಾಡುವುದರಲ್ಲೂ ಎಚ್ಚರ ಬೇಕು. ಬಹಳ ಜನ ಬಳಸುವ ಉಚಿತ ಸಾಫ್ಟ್‌ವೇರ್ ಆಡಾಸಿಟಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2000ದಲ್ಲಿ ಹೊರಬಂದದ್ದು. 2021ರಲ್ಲಿ ಅದರ ಮೂರನೇ ಆವೃತ್ತಿ ಬರುವವರೆಗೆ ಒಂದು ಪ್ರಾಜೆಕ್ಟ್ ಎಂದರೆ ಒಂದು ಪುಟ್ಟ ಫೈಲು, ಜೊತೆಗೆ ದನಿಯೆಲ್ಲ ತುಂಬಿದ ಒಂದು ಡೇಟಾ ಫೋಲ್ಡರು. ಪುಟ್ಟ ಫೈಲನ್ನು ಮಾತ್ರ ಪೆನ್‌ಡ್ರೈವಿಗೆ ಹಾಕಿಕೊಂಡು ಹೋದರೆ ಅಲ್ಲಿ ದನಿಯೇ ಇರುವುದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಅಂಥ ಪ್ರಾಜೆಕ್ಟುಗಳಿದ್ದರೆ ಎರಡನ್ನೂ ಒಟ್ಟಿಗೇ ಸಾಗಿಸಿ. ಈಗ ಎಲ್ಲವೂ ಒಂದೇ ಫೈಲಿನಲ್ಲಿದೆ. ಆದರೂ ಬೇರೆಯವರಿಗೆ ಕೊಡುವಾಗ ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿಯೇ ಕೊಡಿ.

ಇನ್ನು ಒಂದೇ ಸಮನೆ ಗುಂಯ್ ಎನ್ನುವ ಸದ್ದು. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಸದ್ದು ನಿಂತರೆ ಅದು ನಮ್ಮ 50 ಹರ್ಟ್ಜ್ ಕರೆಂಟಿನದು; ಮನೆಯ ಅರ್ಥಿಂಗ್ ನೋಡಿಸಬೇಕು. ಹೆದ್ದಾರಿಯ ಸದ್ದಿಗೆ ಸೆಟ್ಟಿಂಗ್ ಇಲ್ಲ, ಹೊತ್ತು ಇದೆ. ನಮ್ಮೂರ ಮೇಲೆ ಹಾದುಹೋಗುವ 766ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಬಂಡೀಪುರದ ಕಾಡಿನೊಳಗೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆ ಇದೆ. ಆನೆಗಳಿಗೆಂದು ಮಾಡಿದ ಆ ನೆಮ್ಮದಿಯ ಹೊತ್ತು ಹಾಡಿಗೂ ಒಳ್ಳೆಯದು. ಕಥೆ ಹಾಡುವುದೂ ಇರುಳಿನಲ್ಲೇ ತಾನೆ.

ಕೊನೆಯದಾಗಿ, ತೊಂದರೆಯೇ ಅಲ್ಲದ್ದನ್ನು ತೊಂದರೆಯೆಂದು ಸಾಫ್ಟ್‌ವೇರ್ ತೋರಿಸುವುದುಂಟು. ಸ್ವರ ತಿದ್ದುವ ಆಟೋಟ್ಯೂನ್ 1997ರಲ್ಲಿ ಬಂತು. ಮಾಮೂಲಿ ಸೆಟ್ಟಿಂಗಿನಲ್ಲಿ ಅದಕ್ಕೆ ಗೊತ್ತಿರುವುದು ಪಿಯಾನೋದ ಹನ್ನೆರಡು ಮನೆಗಳು. ಎರಡು ಮನೆಗಳ ನಡುವೆ ತೂಗಿ ಹಾಡುವುದು ತಾತನ ದಾರಿ. ಕಥೆ ಬಿಸಿಯೇರಿದಂತೆ ತಾಳದ ನಡೆ ಚುರುಕಾಗುವುದು ಅವರ ಬಲ. ಪರದೆಯ ಗೆರೆಗಳಿಗೆ ಅದನ್ನು ಎಳೆದು ಕೂರಿಸಿದರೆ ಉಳಿಯುವುದು ಗೆರೆ ಮಾತ್ರ. ತಾತ ಹೇಳಿದ್ದೇ ಸರಿ: "ನಾನು ಹಾಡ್ದಂಗೇ ಹಾಡ್ತೀನಿ ಮಗ, ನಿನ್ ಪೆಟ್ಗೇನ ಸರಿಮಾಡ್ಕೊ."

ಮನೆಯಲ್ಲಿ, ಕೇರಿಯಲ್ಲಿ ಹಾಡುವ ಹಿರಿಯರಿರುವ ಎಲ್ಲರಿಗೂ ನನ್ನದೊಂದು ಕೋರಿಕೆ. ಸೆಟ್ಟಿಂಗುಗಳನ್ನೆಲ್ಲ ಹಿಂದಿನ ದಿನವೇ ನೋಡಿ ಮುಗಿಸಿ. ಹಾಡುವವರನ್ನು ಕೂರಿಸಿಕೊಂಡು ಗುಂಡಿ ಹುಡುಕಬೇಡಿ. ಏನನ್ನೂ ತಿದ್ದದ ಮೂಲ ಫೈಲನ್ನು ಎರಡು ಕಡೆ ಇಡಿ. ಹಾಡಿದವರು ಯಾರು, ಯಾವ ಸಾಲು, ಹಿಮ್ಮೇಳದಲ್ಲಿ ಯಾರು, ಯಾವ ಊರು, ಯಾವ ದಿನ ಎಂಬುದನ್ನು ಬರೆದಿಡಿ. ಊರಾಚೆ ಹಂಚುವ ಮೊದಲು ಹಾಡಿದವರ ಒಪ್ಪಿಗೆ ಕೇಳಿ. ಸಾಫ್ಟ್‌ವೇರಿನ ಎಲ್ಲ ತಪ್ಪಿಗೂ ನಾಳೆ ಪರಿಹಾರ ಸಿಕ್ಕೀತು, ಹಾಡದೆ ಹೋದ ಸಾಲಿಗೆ ಸಿಗುವುದಿಲ್ಲ. ಈ ವಾರವೇ ಕೂರಿಸಿ, ಹಾಡಿಸಿ, ಹಿಡಿದಿಡಿ.