ನೆಲ ನಿಜಕ್ಕೂ ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳು ಎಂದು ಆಡಿಕೊಳ್ಳುವವರು 1980ರ ದಶಕದ ಮನೆ ಕಂಪ್ಯೂಟರಿನಲ್ಲಿ ಒಮ್ಮೆ ಜಾಯ್‌ಸ್ಟಿಕ್ ಹಿಡಿದು ಆಡಬೇಕು. ಅಲ್ಲಿ ನೆಲ ನಿಜಕ್ಕೂ ಡೊಂಕು. ಡೊಂಕು ಮಾಡಿದವರು ಎಂಜಿನಿಯರುಗಳು, ಅದೂ ಒಬ್ಬೊಬ್ಬರು ಒಂದೊಂದು ಕಡೆಗೆ.

1982ರಲ್ಲಿ ಬ್ರಿಟನ್ನಿನಲ್ಲಿ ಹೊರಬಂದ ಸ್ಪೆಕ್ಟ್ರಮ್ಮನ್ನೇ ನೋಡಿ. ಜಾಯ್‌ಸ್ಟಿಕ್ ಚುಚ್ಚಲು ಅದರಲ್ಲಿ ಜಾಗವೇ ಇರಲಿಲ್ಲ. ಹಿಂಬದಿಗೆ ಬೇರೊಂದು ಡಬ್ಬಿ ಸಿಕ್ಕಿಸಬೇಕು. ಡಬ್ಬಿ ಮಾಡುವವರು ಹಲವರು, ಹಾಗಾಗಿ ಪಂಗಡಗಳೂ ಹಲವು. ಕೆಂಪ್‌ಸ್ಟನ್ ಪಂಗಡದ ವ್ಯವಹಾರವೆಲ್ಲ 31ನೇ ಪೋರ್ಟಿನಲ್ಲಿ. ಸಿಂಕ್ಲೇರ್ ಪಂಗಡ ಕೀಬೋರ್ಡಿನ ಅಂಕಿಗಳನ್ನು ಒತ್ತಿದ ಹಾಗೆ ನಟಿಸುತ್ತದೆ. ಕರ್ಸರ್ ಪಂಗಡವೂ ಅಂಕಿಗಳನ್ನೇ ಒತ್ತುತ್ತದೆ, ಆದರೆ ಬೇರೆ ಲೆಕ್ಕದಲ್ಲಿ. ಆದ್ದರಿಂದ ಆಟ ಶುರುವಾಗುವ ಮೊದಲು, ಮದುವೆ ಮಾತಿಗೆ ಬಂದ ಹಿರಿಯರ ಹಾಗೆ, ಪರದೆ ನಿಮ್ಮ ಗೋತ್ರ ಕೇಳುತ್ತದೆ. ತಪ್ಪು ಹೇಳಿದಿರೋ, ಕಥಾನಾಯಕ ಕದಲುವುದಿಲ್ಲ. ಡಬ್ಬಿಯೇ ಇಲ್ಲದೆ ಕೆಂಪ್‌ಸ್ಟನ್ ಎಂದು ಬಡಾಯಿ ಕೊಚ್ಚಿದರೆ ಇನ್ನೂ ಸೊಗಸು: ಆ ಪೋರ್ಟಿನಲ್ಲಿ ಸಿಕ್ಕಿದ ಕಸವನ್ನೇ ಅಪ್ಪಣೆ ಎಂದುಕೊಂಡು ಅವನು ತಾನಾಗಿಯೇ ಓಡಿ ಹಳ್ಳಕ್ಕೆ ಬೀಳುತ್ತಾನೆ. 1986ರಲ್ಲಿ ಆಮ್‌ಸ್ಟ್ರಾಡ್‌ನವರು ಸ್ಪೆಕ್ಟ್ರಮ್ ಪ್ಲಸ್ 2 ತಂದರು. ಪಕ್ಕದಲ್ಲಿ ಪೋರ್ಟೇನೋ ಇತ್ತು, ಆದರೆ ಒಳಗಿನ ತಂತಿಗಳ ಕ್ರಮ ಅದಲುಬದಲು. ಊರಿಗೆಲ್ಲ ನಡೆಯುವ ಅಟಾರಿ ಮಾದರಿಯ ಜಾಯ್‌ಸ್ಟಿಕ್ ಅಲ್ಲಿ ನಡೆಯದು. ಇದಕ್ಕೆ ವ್ಯಾಪಾರಬುದ್ಧಿ ಅನ್ನದೆ ಬೇರೆ ಹೆಸರು ನನಗಂತೂ ತೋಚುವುದಿಲ್ಲ.

ಇಂಗ್ಲೆಂಡಿನಲ್ಲಿರುವ ನಮ್ಮ ಭಾವನವರಿಗೆ ಇಂಥ ಹಳೇ ಯಂತ್ರಗಳನ್ನು ಕೂಡಿಹಾಕುವ ಹುಚ್ಚು. ನಾನು ಹೋದಾಗ ಕಮಡೋರ್ 64 ಮುಂದೆ ಕೂರಿಸಿದರು. ನನ್ನ ವಿಮಾನ ಅಲುಗಾಡಲಿಲ್ಲ.

"ಭಾವ, ಕಡ್ಡಿ ಕೆಟ್ಟಿದೆ ಕಣ್ರೀ."

"ಕಡ್ಡಿನ ಯಾಕೆ ಬೈತೀಯೋ? ಮೊದ್ಲು ಪೋರ್ಟ್ ಬದ್ಲಾಯಿಸು."

ಆ ಯಂತ್ರಕ್ಕೆ ಎರಡು ಪೋರ್ಟು. ಒಬ್ಬರೇ ಆಡುವ ಆಟಗಳಲ್ಲಿ ಹೆಚ್ಚಿನವು ಕೇಳುವುದು ಎರಡನೆಯದನ್ನು. ಕಾರಣ, ಒಂದನೇ ಪೋರ್ಟಿನ ತಂತಿಗಳೂ ಕೀಬೋರ್ಡಿನ ತಂತಿಗಳೂ ಒಂದೇ. ಬೇಸಿಕ್ ಪರದೆಯಲ್ಲಿ ಅಲ್ಲಿಗೆ ಚುಚ್ಚಿದ ಕಡ್ಡಿಯನ್ನು ಮೇಲಕ್ಕೆ ತಳ್ಳಿದರೆ 1 ಮೂಡುತ್ತದೆ, ಬಲಕ್ಕೆ ತಳ್ಳಿದರೆ 2. ಗುಂಡು ಹಾರಿಸಿದರೆ ಖಾಲಿ ಜಾಗ!

ಬದಲಾಯಿಸಿದ ಮೇಲೆ ವಿಮಾನ ಎಲ್ಲ ಕಡೆಗೂ ಹೋಯಿತು, ಎಡಕ್ಕೊಂದು ಬಿಟ್ಟು. ಈಗ ಭಾವನವರು ನೆಟ್ಟಗೆ ಕೂತರು. ಆಟ ನಿಲ್ಲಿಸಿ ಎರಡು ಸಾಲಿನ ಬೇಸಿಕ್ ಪ್ರೋಗ್ರಾಮ್ ಬರೆದರು: 56320ನೇ ವಿಳಾಸದಲ್ಲಿ ಏನಿದೆಯೋ ಅದನ್ನು ಪೀಕ್ ಮಾಡಿ ತೋರಿಸುತ್ತಲೇ ಇರು. ಪರದೆ ತುಂಬ 127 ಇಳಿಯತೊಡಗಿತು. ಮೇಲೆ ಅಂದರೆ 126, ಕೆಳಗೆ 125, ಬಲಕ್ಕೆ 119, ಬಟನ್ ಒತ್ತಿದರೆ 111. ಎಡಕ್ಕೆ 123 ಬರಬೇಕಿತ್ತು. ಎಷ್ಟು ಎಳೆದರೂ 127ರ ಮೆರವಣಿಗೆ. ಆಟದ ತಪ್ಪಲ್ಲ ಎನ್ನುವುದು ಇಷ್ಟರಲ್ಲೇ ತೀರ್ಮಾನ. ತಜ್ಞರೆನಿಸಿಕೊಂಡವರು ಇಷ್ಟು ಮಾಡದೆ ನೇರವಾಗಿ ಸ್ಕ್ರೂಡ್ರೈವರ್‌ಗೆ ಕೈಹಾಕುವುದನ್ನು ನೋಡಿದ್ದೇನೆ.

ಬಿಚ್ಚಿದೆವು. ಒಳಗೆ ಹೆಬ್ಬೆರಳಗಲದ ಹಸಿರು ಹಲಗೆ, ಅದರ ಮೇಲೆ ದಿಕ್ಕಿಗೊಂದು ಪುಟ್ಟ ಲೋಹದ ಉಬ್ಬು, ಯಾವ ಕಾಲದ್ದೋ ಬಿಸ್ಕತ್ತಿನ ಪುಡಿ. ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರು. ಊಹೂಂ. ಕೊನೆಗೆ ಕೇಬಲ್ಲು ಡಬ್ಬಿಯೊಳಗೆ ನುಗ್ಗುವ ಕಡೆ ಬೆರಳಲ್ಲಿ ಹಿಡಿದು ಬಗ್ಗಿಸಿದಾಗ 123 ಮಿಂಚಿ ಮಾಯವಾಯಿತು. ಮೇಲಿನ ರಬ್ಬರು ಗಟ್ಟಿಮುಟ್ಟಾಗಿದೆ, ಒಳಗಿನ ತಂತಿ ತುಂಡಾಗಿದೆ. ಒಂದಿಷ್ಟು ಉದ್ದ ಕತ್ತರಿಸಿ ಮತ್ತೆ ಬೆಸುಗೆ ಹಾಕಿದ್ದಾಯಿತು.

ಬಿಬಿಸಿ ಮೈಕ್ರೋದ ಕಾಯಿಲೆಯೇ ಬೇರೆ. 1984ರ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೂ ಬಂದಿದ್ದ ಯಂತ್ರ ಅದು. ಅದರ ಜಾಯ್‌ಸ್ಟಿಕ್ ಎಡ–ಬಲ ಎಂದಷ್ಟೇ ಹೇಳುವುದಿಲ್ಲ, ಎಷ್ಟು ಎಡ ಎಂದೂ ಹೇಳುತ್ತದೆ. ಒಳಗಿನ ರೆಸಿಸ್ಟರ್ ಸವೆದರೆ ಕೈಬಿಟ್ಟು ಕೂತರೂ ಆಟಗಾರ ಒಂದು ಪಕ್ಕಕ್ಕೆ ವಾಲುತ್ತಿರುತ್ತಾನೆ.

ಬೆಸುಗೆ ಆರುವ ಹೊತ್ತಿಗೆ ಭಾವನವರು ಹೊಸ ಕ್ಯಾಸೆಟ್ ಹಾಕಿಯಾಗಿತ್ತು: 1984ರ ಡೇಲಿ ಥಾಂಪ್ಸನ್ಸ್ ಡೆಕಾಥ್ಲಾನ್. ಅದರಲ್ಲಿ ಓಡಬೇಕಾದರೆ ಕಡ್ಡಿಯನ್ನು ಎಡಕ್ಕೂ ಬಲಕ್ಕೂ ಉಸಿರು ಬಿಡದೆ ಅಲ್ಲಾಡಿಸಬೇಕು. ಬ್ರಿಟನ್ನಿನ ಜಾಯ್‌ಸ್ಟಿಕ್‌ಗಳ ಪಾಲಿಗೆ ಯಮನಾಗಿದ್ದ ಆಟ. ಅಕ್ಕ ಅಡುಗೆಮನೆಯಿಂದ ಬಂದವಳೇ ಟೇಪ್ ನಿಲ್ಲಿಸಿ, "ಕಳೆದ ಸಲವೂ ಇದನ್ನ ಆಡಿಯೇ ಮುರಿದದ್ದು" ಎಂದು ಕ್ಯಾಸೆಟ್ ಎತ್ತಿಕೊಂಡು ಹೋದಳು.